ಅಜ್ಜಿಯ ಸೆರಗು: ಒಂದು ಸ್ಮೃತಿಸಾಮಗ್ರಿಯ ವಿಮರ್ಶೆ

೧

ಕನ್ನಡದ ಲಲಿತಪ್ರಬಂಧಗಳಲ್ಲಿಯೂ ಬಾಲ್ಯಸ್ಮರಣೆಯ ಬರೆಹಗಳಲ್ಲಿಯೂ ಪದೇ ಪದೇ ಕಾಣಸಿಗುವ ಒಂದು ವಸ್ತುವನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಆ ವಸ್ತು ಅಜ್ಜಿಯ ಸೀರೆ. ವಿಶೇಷವಾಗಿ, ಆ ಸೀರೆಯ ಸೆರಗು. ಹಬ್ಬಹರಿದಿನಗಳಿಗೆಂದು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಪಟ್ಟೆಯ ಸೀರೆಯನ್ನು ಕುರಿತು ನಾವು ಹೇಳುತ್ತಿಲ್ಲ. ದಿನವೂ ಉಟ್ಟು, ದಿನವೂ ಒಗೆದು, ಗಳುವಿನ ಮೇಲೆ ಒಣಗಿಸಿ, ಮತ್ತೆ ಉಟ್ಟು ಸವೆಸಿದ ನೂಲಿನ ಸೀರೆಯೇ ಇಲ್ಲಿ ಪ್ರಕೃತ.

ಇಂಥ ಬರೆಹಗಳ ರಚನೆಯಲ್ಲಿ ಒಂದು ನಿಯತವಾದ ಕ್ರಮವಿದೆ. ಮೊದಲು ಸೆರಗಿನ ವಾಸನೆಯ ವರ್ಣನೆ ಬರುತ್ತದೆ: ಒಲೆಯ ಹೊಗೆ, ಒಗ್ಗರಣೆಯ ಇಂಗು, ಸೀಗೆಕಾಯಿ, ವೀಳ್ಯದೆಲೆ. ಅನಂತರ ಸೆರಗಿನ ಉಪಯೋಗಗಳ ಒಂದು ದೀರ್ಘವಾದ ಪಟ್ಟಿ ಬರುತ್ತದೆ. ಕೊನೆಯಲ್ಲಿ, ಅಜ್ಜಿಯೂ ಇಲ್ಲ, ಅಂಥ ಸೆರಗೂ ಇಲ್ಲ, ನಮ್ಮ ಮಕ್ಕಳಿಗೆ ಹಿಡಿಯಲು ಏನಿದೆ ಎಂಬ ನಿಟ್ಟುಸಿರು ಬರುತ್ತದೆ. ವಿದ್ಯಾರ್ಥಿಗಳಿಗೆ ‘ನನ್ನ ಅಜ್ಜಿ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದ ಅಧ್ಯಾಪಕರಿಗೆ ಈ ಮೂರು ಘಟ್ಟಗಳು ಚಿರಪರಿಚಿತ. ವಿದ್ಯಾರ್ಥಿಗಳು ಇದನ್ನು ಪುಸ್ತಕಗಳಿಂದ ಕದ್ದರೆಂದು ಹೇಳಲಾಗದು. ಅವರ ಅಜ್ಜಿಯರೂ ನಿಜ, ಅವರ ಹಂಬಲವೂ ನಿಜ. ಆದರೆ ಬೇರೆ ಬೇರೆ ಅಜ್ಜಿಯರನ್ನು ಕುರಿತ ನಿಜವಾದ ಹಂಬಲಗಳು ಒಂದೇ ಅಚ್ಚಿನಲ್ಲಿ ಎರಕಗೊಂಡು ಬರುತ್ತಿದ್ದರೆ, ಆ ಅಚ್ಚನ್ನು ಪರೀಕ್ಷಿಸುವುದು ವಿಮರ್ಶೆಯ ಕರ್ತವ್ಯವಾಗುತ್ತದೆ. ಈ ಸ್ಮರಣೆ ಸ್ಮರಿಸುವುದು ಯಾರನ್ನು ಎಂಬುದೇ ನಮ್ಮ ಪ್ರಶ್ನೆ.

೨

ಮೊದಲು ಸೆರಗಿನ ಪಕ್ಷದಲ್ಲಿ ಹೇಳಬೇಕಾದುದನ್ನು ಹೇಳಿಬಿಡೋಣ. ಹಿಂದಿನ ಕನ್ನಡ ಗೃಹಿಣಿಯ ಬಾಳಿನಲ್ಲಿ ಸೆರಗಿನಷ್ಟು ಕೆಲಸ ಮಾಡಿದ ಮತ್ತೊಂದು ವಸ್ತುವನ್ನು ಹೆಸರಿಸುವುದು ಕಷ್ಟ. ಒಲೆಯ ಮೇಲಿನ ಪಾತ್ರೆಯನ್ನು ಇಳಿಸುವಾಗ ಅದು ಮಸಿಬಟ್ಟೆ, ಹಿತ್ತಿಲಿನಿಂದ ಸೊಪ್ಪನ್ನೋ ಬದನೆಕಾಯನ್ನೋ ಬಿಡಿಸಿ ತರುವಾಗ ಚೀಲ, ಬಿಸಿಲಿನಲ್ಲಿ ಕೊಡೆ, ಸೆಕೆಯಲ್ಲಿ ಬೀಸಣಿಗೆ, ಸಂತೆಯಲ್ಲಿ ಕಾಸಿನ ಗಂಟು, ಮಲಗಿದ ಮಗುವಿಗೆ ಹೊದಿಕೆ, ಅತ್ತ ಮಗುವಿಗೆ ಕೈವಸ್ತ್ರ. ಸೀರೆ ಹಳತಾದಾಗ ಜೋಲಿಯಾಯಿತು. ಜೋಲಿ ಹರಿದಾಗ ಬಾಣಂತಿಯ ಕೋಣೆಯ ಅರಿವೆಯಾಯಿತು. ಉಳಿದ ತುಂಡುಗಳು ಕೌದಿಯೊಳಗೆ ಸೇರಿದವು. ಹೊಲಿಗೆಯಿಲ್ಲದ, ಜೇಬಿಲ್ಲದ ಒಂದು ಬಟ್ಟೆ ಇಷ್ಟು ಪಾತ್ರಗಳನ್ನು ವಹಿಸಿತೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಭಾಷೆಯೂ ಈ ವ್ಯಾಪ್ತಿಯನ್ನು ಕಂಡುಕೊಂಡಿದೆ. ಊರಿನ ಅಂಚಿಗೂ ಬೆಟ್ಟದ ತಪ್ಪಲಿಗೂ ನಾವು ‘ಸೆರಗು’ ಎನ್ನುತ್ತೇವೆ. ಸೆರಗನ್ನು ಒಡ್ಡಿ ಹಿಡಿದಾಗ ಅದು ದಕ್ಷಿಣದಲ್ಲಿ ಮಡಿಲಾಗುತ್ತದೆ, ಉತ್ತರದಲ್ಲಿ ಉಡಿಯಾಗುತ್ತದೆ. ಮಡಿಲೆಂಬ ಮಾತಿಗೆ ತಾಯ ತೊಡೆ ಎಂಬ ಅರ್ಥವೂ ಇರುವುದರಿಂದ, ಬಟ್ಟೆ ಮತ್ತು ದೇಹಗಳ ನಡುವಣ ಗೆರೆ ಕನ್ನಡದಲ್ಲಿ ಈ ಒಂದು ಪದದೊಳಗೇ ಅಳಿಸಿಹೋಗಿದೆ.

ಆದರೆ ನುಡಿಗಟ್ಟುಗಳನ್ನು ಸ್ವಲ್ಪ ಎಚ್ಚರದಿಂದ ಬಿಡಿಸಿ ನೋಡಿದರೆ ಒಂದು ಭೇದ ಗೋಚರಿಸುತ್ತದೆ. ‘ಸೆರಗು ಹಿಡಿದು ತಿರುಗು’ ಎಂಬಲ್ಲಿ ಕರ್ತೃ ಮಗು. ಕೆಲವೊಮ್ಮೆ ಹೆಂಡತಿಯ ಮಾತು ಮೀರದ ಗಂಡ. ‘ಸೆರಗೊಡ್ಡಿ ಬೇಡು’ ಎಂಬಲ್ಲಿ ಕರ್ತೃ ಸೆರಗನ್ನು ಹೊದ್ದವಳು, ಅವಳು ಬೇಡುತ್ತಿದ್ದಾಳೆ. ‘ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ’ ಎಂಬಲ್ಲಿಯೂ ಅವಳೇ. ಸುಡುವುದನ್ನು ಬಚ್ಚಿಟ್ಟುಕೊಂಡು ನಡೆಯುತ್ತಿದ್ದಾಳೆ. ‘ಸೆರಗು ಸಿಕ್ಕಿಸಿ ನಿಲ್ಲು’ ಎಂಬಲ್ಲಿಯೂ ಅವಳೇ, ದುಡಿಮೆಗೆ ಸಿದ್ಧಳಾಗಿದ್ದಾಳೆ. ಹಿಡಿದವರ ಸೆರಗು ಒಂದು, ಹೊದ್ದವರ ಸೆರಗು ಇನ್ನೊಂದು. ಜನರ ಆಡುಮಾತು ಎರಡನ್ನೂ ಉಳಿಸಿಕೊಂಡಿದೆ. ನಮ್ಮ ಸ್ಮರಣೆಯ ಪ್ರಬಂಧಗಳಾದರೋ ಮೊದಲನೆಯದನ್ನು ಮಾತ್ರ ಆಯ್ದುಕೊಂಡಿವೆ. ಈ ವಿಷಯದಲ್ಲಿ ನುಡಿಗಟ್ಟುಗಳು ಪ್ರಬಂಧಗಳಿಗಿಂತ ಹೆಚ್ಚು ಪ್ರಾಮಾಣಿಕವೆಂದು ಹೇಳಲು ನಾವು ಸಂಕೋಚಪಡುವುದಿಲ್ಲ.

೩

‘ಅಜ್ಜಿಯ ಸೆರಗು’ ಎಂದು ಏಕವಚನದಲ್ಲಿ ಹೇಳುವುದರಲ್ಲಿಯೂ ಒಂದು ಅತಿವ್ಯಾಪ್ತಿದೋಷವಿದೆ. ಕನ್ನಡನಾಡಿನಲ್ಲಿ ಸೀರೆ ಉಡುವ ಕ್ರಮ ಒಂದೇ ಅಲ್ಲ. ಕೊಡಗಿನಲ್ಲಿ ನಿರಿಗೆಗಳು ಬೆನ್ನ ಹಿಂದಕ್ಕೆ ಹೋಗುತ್ತವೆ. ಉತ್ತರ ಕರ್ನಾಟಕದ ಹಳೆಯ ತಲೆಮಾರಿನ ಅನೇಕರು ಕಚ್ಚೆ ಹಾಕಿ ಉಡುತ್ತಿದ್ದರು. ತಲೆಯ ಮೇಲೆ ಸೆರಗು ಹೊದೆಯುವುದು ಅಲ್ಲಿ ಇಂದಿಗೂ ಅನೇಕ ಹಳ್ಳಿಗಳ ರೂಢಿ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರು ಕುಪ್ಪಸವಿಲ್ಲದೆ ಸೀರೆಯುಟ್ಟು, ಕೊರಳ ತುಂಬ ಮಣಿಸರ ಧರಿಸುವವರು. ಗದ್ದೆಯಲ್ಲಿ ನಾಟಿ ಮಾಡುವವಳ ಸೀರೆ ಮೊಳಕಾಲಿಗೆ ಏರುತ್ತದೆ. ಅವಳ ಸೆರಗು ಸೊಂಟಕ್ಕೆ ಬಿಗಿಯುತ್ತದೆ. ಆ ಸೆರಗಿಗೆ ಇಂಗಿನ ಕಂಪಿಲ್ಲ. ಬೆವರು ಮತ್ತು ಕೆಸರಿನ ವಾಸನೆಯಿದೆ. ಬರೆಯುವ ಅವಕಾಶ ಮೊದಲು ದೊರೆತ ಮನೆತನಗಳ ಅಡುಗೆಮನೆಯ ಸೆರಗೇ ಬಹುಕಾಲ ನಾಡಿನ ಸೆರಗೆಂದು ನಡೆದುಬಂದಿತು.

ಸಾಮಗ್ರಿಯ ದೃಷ್ಟಿಯಿಂದ ಇಳಕಲ್ಲಿನ ಸೀರೆಯನ್ನು ಇಲ್ಲಿ ಉದಾಹರಿಸುವುದು ಉಚಿತ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಯುವ ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ನೂಲು, ಸೆರಗಿಗೆ ರೇಷ್ಮೆಯ ಎಳೆ. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಆ ವಿಧಾನಕ್ಕೆ ‘ಕೊಂಡಿ’ ಎಂದೇ ಹೆಸರು. ಕೆಂಪು ನೆಲದ ಮೇಲೆ ಬಿಳಿಯ ಗೋಪುರದಂಥ ಸಾಲುಗಳುಳ್ಳ ‘ಟೋಪ್ ತೆನಿ’ ಸೆರಗು ಅದರ ಗುರುತು. ಒಂದೊಂದು ಸೀರೆಗೂ ಈ ಜೋಡಣೆಯನ್ನು ಹೊಸತಾಗಿ ಮಾಡಬೇಕಾಗುವುದರಿಂದ, ಸೆರಗು ಸುಮ್ಮನೆ ಸೀರೆಯ ಕೊನೆಯಲ್ಲ. ಬೇರೊಂದು ಶ್ರಮದ ಫಲ. ನೇಕಾರನ ಮನೆಯಲ್ಲಿ ಆ ಶ್ರಮದ ಬಹುಪಾಲು ಹೆಂಗಸರ ಕೈಯದು: ನೂಲು ಸುತ್ತುವುದು, ಹಾಸು ಅಣಿಮಾಡುವುದು ಮೊದಲಾದ ಕೆಲಸಗಳು. ಸೆರಗನ್ನು ಹಿಡಿದ ಮಗು ಹೊದ್ದವಳನ್ನೇ ಕಾಣದಿದ್ದಾಗ, ನೇಯ್ದವಳನ್ನು ಹೇಗೆ ಕಂಡೀತು?

೪

ಈಗ ದೋಷದ ಸ್ವರೂಪವನ್ನು ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿಯೇ ವಿವರಿಸಬಹುದು. ಭರತನು ಗಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸ್ಮೃತಿಯೂ ಒಂದು. ವ್ಯಭಿಚಾರಿಯಾದ್ದರಿಂದ ಅದು ತಾನೇ ನಿಲ್ಲಲಾರದು. ಯಾವುದಾದರೊಂದು ಸ್ಥಾಯಿಯನ್ನು ಪೋಷಿಸಿ ಮರೆಯಾಗಬೇಕು. ಅಜ್ಜಿಯ ಸ್ಮರಣೆಯಲ್ಲಿ ಆ ಸ್ಥಾಯಿ ಪ್ರೀತಿಯಾಗಬಹುದು, ಶೋಕವಾಗಬಹುದು. ಎರಡಕ್ಕೂ ಅಜ್ಜಿಯೇ ಆಲಂಬನವಿಭಾವ. ಸೆರಗು, ಅದರ ವಾಸನೆ, ಅದರ ಗಂಟು, ಇವೆಲ್ಲ ಉದ್ದೀಪನಗಳು ಮಾತ್ರ. ಬೆಳುದಿಂಗಳು ಎಷ್ಟೇ ಚೆಲುವಾಗಿದ್ದರೂ ನಾಯಿಕೆಯ ಸ್ಥಾನದಲ್ಲಿ ಅದನ್ನು ಕೂರಿಸಲಾಗದು.

ನಾವು ಚರ್ಚಿಸುತ್ತಿರುವ ಬರೆಹಗಳಲ್ಲಿ ನಡೆದಿರುವುದು ಇದೇ ವಿಪರ್ಯಾಸ. ಉದ್ದೀಪನವು ಆಲಂಬನವನ್ನು ನುಂಗಿದೆ. ಪುಟಗಟ್ಟಲೆ ಓದಿದ ಮೇಲೂ ಆ ಅಜ್ಜಿಯ ಹೆಸರೇನು, ಅವಳು ಯಾವುದಕ್ಕೆ ನಗುತ್ತಿದ್ದಳು, ಯಾರ ಮೇಲೆ ಮುನಿಯುತ್ತಿದ್ದಳು, ಏನನ್ನು ಬಯಸಿ ಪಡೆಯದೆ ಹೋದಳು ಎಂಬುದು ತಿಳಿಯುವುದಿಲ್ಲ. ಸೆರಗು ನಮ್ಮ ಕಣ್ಣೀರನ್ನೊರಸಿದ ಬಗೆ ತಿಳಿಯುತ್ತದೆ; ಅದೇ ಸೆರಗು ಅವಳ ಕಣ್ಣೀರನ್ನು ಒರಸಿದ ಸಂದರ್ಭ ತಿಳಿಯುವುದಿಲ್ಲ. ಬರೆಹಗಾರನ ಕಣ್ಣು ಮಗುವಿನ ಎತ್ತರದಲ್ಲಿಯೇ ನಿಂತುಬಿಟ್ಟಿದೆ. ಮಗುವಿಗೆ ಸೆರಗು ಎಟುಕುತ್ತದೆ, ಮುಖ ಎಟುಕುವುದಿಲ್ಲ. ಮಗುವಿನ ಮಟ್ಟಿಗೆ ಇದು ಸಹಜ. ಪ್ರೌಢನಾಗಿ ಬರೆಯಲು ಕುಳಿತವನು ಅದೇ ಎತ್ತರವನ್ನು ಆಯ್ದುಕೊಂಡರೆ, ಅದು ಸಹಜತೆಯಲ್ಲ, ಸೌಕರ್ಯ.

೫

ಹೊದ್ದವಳ ಹೆಗಲಿನಿಂದ ನೋಡಿದಾಗ ಸೆರಗು ಹೇಗೆ ಕಾಣುತ್ತದೆ? ಸ್ಥಾಲೀಪುಲಾಕನ್ಯಾಯದಿಂದ ಕೆಲವು ಅಂಶಗಳನ್ನು ಮಾತ್ರ ಪರಿಶೀಲಿಸೋಣ.

ಮೊದಲನೆಯದು ಬೆಂಕಿ. ಸೌದೆಯ ಒಲೆಯ ಮುಂದೆ ಬಗ್ಗಿ ಊದುವವಳ ಹೆಗಲಿನಿಂದ ಜಾರುವ ಬಟ್ಟೆ ಅವಳ ಪಾಲಿಗೆ ಒಂದು ನಿರಂತರವಾದ ಅಪಾಯ. ಬಿಸಿಯ ಪಾತ್ರೆಯನ್ನು ಸೆರಗಿನಿಂದ ಹಿಡಿದುದನ್ನು ಪ್ರಬಂಧಕಾರರು ಮೆಚ್ಚಿ ಬರೆಯುತ್ತಾರೆ. ಬೇರೊಂದು ಬಟ್ಟೆ ಕೈಗೆ ಸಿಕ್ಕದಷ್ಟು ಅವಸರದಲ್ಲಿ ಅವಳು ದುಡಿಯುತ್ತಿದ್ದಳೆಂಬ ಅರ್ಥ ಅದರೊಳಗೇ ಇದೆ.

ಎರಡನೆಯದು ಗಂಟು. ಸೆರಗಿನ ತುದಿಯ ಗಂಟನ್ನು ಬಿಚ್ಚಿ ಅಜ್ಜಿ ಮೊಮ್ಮಗನ ಕೈಗೆ ಕಾಸು ಹಾಕುವ ಚಿತ್ರ ಈ ಬರೆಹಗಳಲ್ಲೆಲ್ಲ ಅತ್ಯಂತ ಪ್ರಿಯವಾದುದು. ಆದರೆ ಆ ಹಣ ಗಂಟಿನಲ್ಲಿಯೇ ಏಕಿತ್ತು? ಸ್ತ್ರೀಧನವೆಂಬುದು ಶಾಸ್ತ್ರಗಳಲ್ಲಿ ಇದ್ದರೂ, ಮನೆಯ ಆಸ್ತಿಯಲ್ಲಿ ಹೆಣ್ಣಿಗೆ ತನ್ನದೆನ್ನುವಂಥ ಪಾಲು ಕಾಯಿದೆಯ ಮೂಲಕ ಬಂದದ್ದು ಬಹಳ ತಡವಾಗಿ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದದ್ದು ೧೯೩೩ರಲ್ಲಿ. ಬ್ರಿಟಿಷ್ ಭಾರತದಲ್ಲಿ ಅಂಥದೊಂದು ಕಾಯಿದೆ ೧೯೩೭ರಲ್ಲಿ. ದೇಶಕ್ಕೆಲ್ಲ ಅನ್ವಯಿಸಿದ ಹಿಂದೂ ಉತ್ತರಾಧಿಕಾರ ಕಾಯಿದೆ ೧೯೫೬ರಲ್ಲಿ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ದೊರೆತದ್ದು ೨೦೦೫ರ ತಿದ್ದುಪಡಿಯಿಂದ. ಅದಕ್ಕೆ ಮೊದಲಿನ ಅನೇಕ ಅಜ್ಜಿಯರಿಗೆ ಯಾರನ್ನೂ ಕೇಳದೆ ವೆಚ್ಚಮಾಡಬಹುದಾಗಿದ್ದ ಹಣವೆಂದರೆ ಆ ಗಂಟಿನೊಳಗಿನದಷ್ಟೇ. ಅದರಿಂದ ಒಂದು ಕಾಸನ್ನು ತೆಗೆದು ಮಗುವಿಗೆ ಕೊಟ್ಟಾಗ ಅವಳು ಕೊಟ್ಟದ್ದು ಎಷ್ಟರಲ್ಲಿ ಎಷ್ಟು ಎಂಬ ಲೆಕ್ಕವನ್ನು ಪ್ರಬಂಧಕಾರನು ಮಾಡಿದ್ದರೆ, ಆ ಚಿತ್ರದ ಮಾಧುರ್ಯ ಕಡಮೆಯಾಗುತ್ತಿರಲಿಲ್ಲ. ಅದಕ್ಕೆ ಭಾರ ಬರುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. ಉಡಿ ತುಂಬುವುದು ನಮ್ಮ ಸಂಪ್ರದಾಯದ ಒಂದು ಚೆಲುವಾದ ಆಚರಣೆ. ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ಕುಪ್ಪಸದ ಕಣಗಳನ್ನು ಸೆರಗಿನಲ್ಲಿ ಇಟ್ಟು ಹರಸುತ್ತಾರೆ. ಆದರೆ ಸಂಪ್ರದಾಯದ ಪ್ರಕಾರ ವಿಧವೆಗೆ ಉಡಿ ತುಂಬುವಂತಿರಲಿಲ್ಲ. ಊರ ಮಕ್ಕಳಿಗೆಲ್ಲ ಕೊಡುತ್ತಿದ್ದ ಸೆರಗಿಗೆ ತಾನು ಪಡೆಯುವ ಹಕ್ಕಿರಲಿಲ್ಲ. ಹಲವು ಬ್ರಾಹ್ಮಣ ಮನೆತನಗಳಲ್ಲಿ ತಲೆ ಬೋಳಿಸಿ, ಕುಪ್ಪಸವನ್ನು ಬಿಡಿಸಿ, ಬದುಕಿನ ಉಳಿದ ವರ್ಷಗಳಿಗೆಲ್ಲ ಒಂದೇ ಬಣ್ಣದ ಮಡಿಸೀರೆಯನ್ನು ವಿಧಿಸುತ್ತಿದ್ದರು. ಅಲ್ಲಿ ತಲೆಯ ಮೇಲಿನ ಸೆರಗು ಗೌರವದ ಗುರುತಲ್ಲ. ಬೋಳಾದ ತಲೆಯ ಮುಚ್ಚಳ.

ಈ ದೋಷಕ್ಕೆ ನಾವು ಹೊರತಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿದ್ದ ಹಿರಿಯಜ್ಜಿ ಉಡುತ್ತಿದ್ದುದು ಕೆಂಪು ಸೀರೆ. ಅದರ ಸೆರಗನ್ನು ಹಿಡಿದೇ ನಾವು ಹಿತ್ತಿಲ ಕತ್ತಲನ್ನು ದಾಟಿದ್ದೇವೆ. ಕೆಂಪು ಅವಳಿಗೆ ಬಹಳ ಪ್ರಿಯವಾದ ಬಣ್ಣವೆಂದು ನಾವು ನಂಬಿದ್ದೆವು, ಶಾಲೆಯಲ್ಲಿ ಪ್ರಬಂಧ ಬರೆದಾಗ ಹಾಗೆಂದೇ ಬರೆದೆವು, ಮೆಚ್ಚುಗೆಯನ್ನೂ ಪಡೆದೆವು. ಅದು ಅವಳು ಆಯ್ದ ಬಣ್ಣವಲ್ಲ, ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಉಡಿಸಿದ ಬಣ್ಣ ಎಂಬುದು ತಿಳಿದದ್ದು ಅವಳು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಅವಳಿಗೆ ಯಾವ ಬಣ್ಣ ಪ್ರಿಯವಾಗಿತ್ತೆಂದು ಕೇಳುವ ಕಾಲ ಆ ಹೊತ್ತಿಗೆ ಮೀರಿಹೋಗಿತ್ತು. ಈ ಲೇಖನಕ್ಕೆ ಪ್ರೇರಣೆಯಾದದ್ದು ಆ ಹಳೆಯ ಪ್ರಬಂಧವೇ.

೬

ಹಾಗಾದರೆ ಕನ್ನಡದಲ್ಲಿ ಹೊದ್ದವಳ ಕಡೆಯಿಂದ ಕಂಡ ಬರೆಹವೇ ಇಲ್ಲವೆ? ಇದೆ, ಅದರ ಪರಂಪರೆ ಸಣ್ಣದೂ ಅಲ್ಲ.

ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಮೊದಲಾದ ಸಂಕಲನಗಳಲ್ಲಿ ದೊರೆಯುವ ತ್ರಿಪದಿಗಳನ್ನು ಮೊದಲು ನೆನೆಯಬೇಕು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣೇ ಅಲ್ಲಿ ಮಾತಾಡುವವಳು. ತವರಿನಿಂದ ಬರುವ ಸೀರೆಕುಪ್ಪಸಗಳು ಅವಳಿಗೆ ಬರಿಯ ಬಟ್ಟೆಯಲ್ಲ. ತನ್ನನ್ನು ನೆನೆಯುವವರು ಇನ್ನೂ ಇದ್ದಾರೆಂಬುದಕ್ಕೆ ಸಾಕ್ಷಿ. ಇಲ್ಲಿಯೂ ಹಂಬಲವಿದೆ. ಆದರೆ ಹಂಬಲಿಸುವವಳೂ ಉಡುವವಳೂ ಒಬ್ಬಳೇ ಆದ್ದರಿಂದ ಬಟ್ಟೆ ಅವಳನ್ನು ಮರೆಮಾಡುವುದಿಲ್ಲ.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (೧೯೬೮) ಕಾದಂಬರಿಯಲ್ಲಿ ನಿರೂಪಕನು ಮೊಮ್ಮಗನೇ. ಎಂದರೆ, ನಾವು ಚರ್ಚಿಸುತ್ತಿರುವ ಸಂದರ್ಭವೇ ಅಲ್ಲಿಯೂ ಇದೆ. ಬಾಲವಿಧವೆಯಾದ ಅಜ್ಜಿಯ ಸೆರಗನ್ನು ಹಿಡಿದು ಮೊಮ್ಮಗನು ಹಲುಬಬಹುದಾಗಿತ್ತು. ಕಾರಂತರು ಹಾಗೆ ಮಾಡಲಿಲ್ಲ. ಅಜ್ಜಿ ಮಾತಾಡಲಿ, ಮೊಮ್ಮಗ ಕೇಳಲಿ ಎಂದರು. ದೇವರು, ದಾಂಪತ್ಯ, ಸೃಷ್ಟಿಗಳನ್ನು ಕುರಿತು ಅವಳು ಆಡುವ ಮಾತುಗಳು ಮೊಮ್ಮಗನ ನೆಮ್ಮದಿಯನ್ನು ಕದಡುತ್ತವೆ. ಪ್ರೀತಿ ಅಲ್ಲಿ ಕಡಮೆಯಾಗಿಲ್ಲ. ಅದಕ್ಕೆ ಕಿವಿ ಬಂದಿದೆ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಾಲ್ಯದಲ್ಲಿಯೇ ವಿಧವೆಯಾಗಿ, ಮನೆತನದ ದುಡಿಮೆಯಲ್ಲಿಯೇ ಸವೆದ ಹೆಂಗಸಿನ ಕಥೆ ಅದು. ಅಂಥವಳನ್ನು ತ್ಯಾಗಮೂರ್ತಿಯೆಂದು ಹೊಗಳಿ ಮುಗಿಸುವುದು ಸುಲಭವಾಗಿತ್ತು. ಆದರೆ ಕಿರಿಯ ತಲೆಮಾರಿನ ದಾಕ್ಷಾಯಣಿ ತಲೆಯೊಡ್ಡಲು ನಿರಾಕರಿಸಿದಾಗ, ತಾನು ಅನುಭವಿಸಿದ್ದನ್ನು ಇನ್ನೊಬ್ಬಳು ಅನುಭವಿಸಬೇಕಿಲ್ಲವೆಂಬ ಕಡೆಗೆ ಫಣಿಯಮ್ಮ ನಿಲ್ಲುತ್ತಾಳೆ. ಹಳೆಯ ಕಾಲದ ಮಮತೆಯನ್ನು ಹಳೆಯ ಕಾಲದ ಕಟ್ಟಳೆಯಿಂದ ಬೇರ್ಪಡಿಸಿ ಕೊಡಬಲ್ಲವಳು ಆ ಕಾಲವನ್ನು ಮೈಮೇಲೆ ಹೊತ್ತವಳೇ. ೧೯೮೩ರಲ್ಲಿ ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿಸಿದರು.

೭

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ‘ಹಂಬಲವೆಂಬುದು ಹೃದಯದ ವ್ಯಾಪಾರ, ಅದನ್ನು ನ್ಯಾಯಾಲಯಕ್ಕೆ ಎಳೆಯುವುದು ಸರಿಯೆ? ಮೊಮ್ಮಗನು ಅಜ್ಜಿಯ ಸೆರಗನ್ನು ನೆನೆದು ಎರಡು ಹನಿ ಕಣ್ಣೀರಿಟ್ಟರೆ ಯಾರಿಗೇನು ನಷ್ಟ? ಆ ಅಜ್ಜಿಯರೂ ತಮ್ಮನ್ನು ಬರಿಯ ದುಃಖಿಗಳೆಂದು ಎಣಿಸಿದ್ದರೆ? ಕೊಡುವುದರಲ್ಲಿ ಅವರಿಗೆ ಸುಖವಿರಲಿಲ್ಲವೆ?’ ಎಂದು ಸಹೃದಯರು ಕೇಳಬಹುದು.

ಕೊನೆಯ ಮಾತನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಅಜ್ಜಿಯನ್ನು ಬರಿಯ ಸೆರಗಾಗಿಸುವುದು ಎಷ್ಟು ತಪ್ಪೋ, ಬರಿಯ ಸಂಕಟವಾಗಿಸುವುದೂ ಅಷ್ಟೇ ತಪ್ಪು. ಅವಳ ಹಾಸ್ಯ, ಹಟ, ರುಚಿ, ಜಾಣತನಗಳೆಲ್ಲ ಎರಡು ಬಗೆಯ ಬರೆಹದಲ್ಲಿಯೂ ಕಾಣೆಯಾಗುತ್ತವೆ. ಉಳಿದ ಆಕ್ಷೇಪಕ್ಕೆ ಕಾಳಿದಾಸನ ‘ಅಭಿಜ್ಞಾನಶಾಕುಂತಲ’ದಿಂದ ಸಮಾಧಾನ ದೊರೆಯುತ್ತದೆ. ಅಭಿಜ್ಞಾನವೆಂದರೆ ಗುರುತು, ನೆನಪನ್ನು ಮರಳಿಸುವ ವಸ್ತು. ಆರನೆಯ ಅಂಕದಲ್ಲಿ ಉಂಗುರವನ್ನು ಕಂಡ ದುಷ್ಯಂತನು ಉಂಗುರದ ಚೆಲುವನ್ನು ವರ್ಣಿಸುತ್ತ ಕೂರುವುದಿಲ್ಲ. ಉಂಗುರ ಅವನನ್ನು ಶಕುಂತಲೆಗೆ ಒಯ್ಯುತ್ತದೆ; ಶಕುಂತಲೆಯ ನೆನಪು ಅವನನ್ನು ಅವಳಿಗೆ ತಾನು ಮಾಡಿದ ಅನ್ಯಾಯಕ್ಕೆ ಒಯ್ಯುತ್ತದೆ. ಆ ಪಶ್ಚಾತ್ತಾಪವಿಲ್ಲದಿದ್ದರೆ ಏಳನೆಯ ಅಂಕದ ಪುನರ್ಮಿಲನಕ್ಕೆ ಅರ್ಹತೆಯೇ ಬರುತ್ತಿರಲಿಲ್ಲ. ಸ್ಮೃತಿಯ ವಸ್ತು ಅಭಿಜ್ಞಾನವಾಗುವುದು ಅದು ನಮಗೆ ಸುಖ ಕೊಟ್ಟಾಗಲ್ಲ. ನಾವು ಕಾಣದೆ ಹೋದುದನ್ನು ಕಾಣಿಸಿದಾಗ. ಅಜ್ಜಿಯ ಸೆರಗು ನಮ್ಮ ಸಾಹಿತ್ಯದಲ್ಲಿ ಅನೇಕ ವೇಳೆ ಉಂಗುರವಾಗಿಯೇ ಉಳಿದಿದೆ, ಅಭಿಜ್ಞಾನವಾಗಿಲ್ಲ.

ಈ ಚರ್ಚೆ ಕಳೆದ ಕಾಲಕ್ಕೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಇಂದಿನ ಎಷ್ಟೋ ಮನೆಗಳಲ್ಲಿ ಅಜ್ಜಿಯರ ದಿನನಿತ್ಯದ ಉಡುಪು ನೈಟಿ. ಸೀರೆಯೊಡನೆ ಹೋಲಿಸಿ ಅದನ್ನು ಹೀಗಳೆಯುವುದು ಒಂದು ರೂಢಿಯಾಗಿದೆ. ಆದರೆ ಅದು ಹಗುರ, ಒಲೆಯ ಮುಂದೆ ಜಾರದು, ಒಗೆಯಲು ಸುಲಭ, ಉಟ್ಟವಳೇ ಆರಿಸಿಕೊಂಡದ್ದು. ಇನ್ನು ಮೂವತ್ತು ವರ್ಷಗಳಲ್ಲಿ ಅದರ ಹೂವಿನ ಚಿತ್ತಾರವನ್ನೂ ಸಾಬೂನಿನ ವಾಸನೆಯನ್ನೂ ನೆನೆದು ಪ್ರಬಂಧಗಳು ಹುಟ್ಟುವುದರಲ್ಲಿ ನಮಗೆ ಸಂದೇಹವಿಲ್ಲ. ಆ ಪ್ರಬಂಧಗಳು ಉತ್ತಮವಾಗುವುದೂ ಆಗದಿರುವುದೂ, ಈಗಿನ ಮೊಮ್ಮಕ್ಕಳು ತಮ್ಮ ಅಜ್ಜಿಯರನ್ನು ಈಗಲೇ ಏನೇನು ಕೇಳುತ್ತಾರೆಂಬುದನ್ನು ಅವಲಂಬಿಸಿದೆ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ಸೂಚನೆ. ‘ನನ್ನ ಅಜ್ಜಿ’ ಎಂಬ ಪ್ರಬಂಧವನ್ನು ಬರೆಯಿಸುವುದನ್ನು ಬಿಡಬೇಕಾಗಿಲ್ಲ. ಬರೆಯುವ ಮೊದಲು ವಿದ್ಯಾರ್ಥಿಗಳು, ಅಜ್ಜಿ ಇನ್ನೂ ಇದ್ದರೆ ಅವಳನ್ನೇ, ಇಲ್ಲವಾದರೆ ಅವಳನ್ನು ಬಲ್ಲವರನ್ನು, ಎರಡು ಮೂರು ಪ್ರಶ್ನೆಗಳನ್ನು ಕೇಳಿ ಬರಲಿ: ಆ ಸೀರೆಯನ್ನು ತಂದುಕೊಟ್ಟವರು ಯಾರು? ಅದರ ಬಣ್ಣವನ್ನು ಆರಿಸಿದವರು ಯಾರು? ಅವಳು ಉಡಬೇಕೆಂದಿದ್ದು ಉಡದೆ ಹೋದ ಸೀರೆ ಯಾವುದು? ಉತ್ತರ ಸಿಹಿಯಾಗಿರಬಹುದು, ಕಹಿಯಾಗಿರಬಹುದು. ಆದರೆ ಅದು ಆ ಒಬ್ಬ ಅಜ್ಜಿಯದಾಗಿರುತ್ತದೆ. ಹಳೆಯ ಸೀರೆಗಳನ್ನು ಕೌದಿಯಾಗಿ ಹೊಲಿಯುವ ಹೆಂಗಸರು ಹರಿದ ಭಾಗವನ್ನು ಬೇರೆಯಿಟ್ಟು, ಗಟ್ಟಿಯಾದುದನ್ನು ಆಯ್ದು, ಹೊಲಿಗೆಯ ಸಾಲುಗಳನ್ನು ಮರೆಮಾಡದೆ ಮೇಲೆಯೇ ಬಿಡುತ್ತಾರೆ. ನೆನಪಿನ ಬರೆಹಕ್ಕೂ ಅದೇ ಕ್ರಮ ತಕ್ಕುದೆಂದು ನಾವು ಭಾವಿಸುತ್ತೇವೆ.